ಮೊದಲು ಒಳಹರಿವು

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಗೆ ಬಂದು ಬೀಳುತ್ತಿದ್ದ ಕಾಲದಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಅದರ ವಾಸನೆ ಮರೆಯುವಂಥದ್ದಲ್ಲ. ಬೈಕಿನವರು ಹೆಲ್ಮೆಟ್ ಗಾಜು ಇಳಿಸಿ, ಉಸಿರು ಬಿಗಿಹಿಡಿದು ಕೋಡಿ ದಾಟುತ್ತಿದ್ದರು. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರಲ್ಲೂ 2018ರಲ್ಲೂ ಕೆರೆಯ ಮೇಲೆ ಮತ್ತೆ ಹೊಗೆ ಎದ್ದಿತು.

ಆಗ ಕಣ್ಣಿಗೆ ಕಂಡ ಕೆಲಸಗಳೆಂದರೆ ಕೋಡಿಯ ಬದಿಗೆ ಎತ್ತರದ ಬಲೆ ಕಟ್ಟಿದ್ದು, ನೊರೆ ಅಡಗಲೆಂದು ನೀರು ಚಿಮುಕಿಸಿದ್ದು. ದಾರಿಹೋಕರ ಕಣ್ಣು ಕಾಯಲು ಅದೂ ಬೇಕಿತ್ತು, ಇಲ್ಲವೆನ್ನಲಾರೆ. ಆದರೆ ನಮ್ಮ ನಿಮ್ಮ ಬಚ್ಚಲಿನ ಸೋಪಿನ ನೀರು ಶುದ್ಧವಾಗದೆ ರಾಜಕಾಲುವೆ ಹಿಡಿದು ಕೆರೆ ಸೇರುತ್ತಿತ್ತು. ಹೂಳಿನಲ್ಲಿ ಕೂತು, ಮಳೆಗೆ ಕದಡಿ, ಕೋಡಿಯಲ್ಲಿ ಧುಮುಕುವಾಗ ನೊರೆಯಾಗುತ್ತಿತ್ತು. ಅದು ಬರುತ್ತಲೇ ಇರುವಾಗ ಬಲೆಯನ್ನು ಎಷ್ಟು ಎತ್ತರಿಸಿದರೇನು?

ಹಳ್ಳಿಯ ಕೆರೆ ಬಲ್ಲವರಿಗೆ ಯಾವ ಕೆಲಸ ಮೊದಲು ಎಂಬ ಸರದಿ ಹೊಸದಲ್ಲ. ಏರಿಯಲ್ಲಿ ನೀರು ಜಿನುಗಿದರೆ ಬೇರೆಲ್ಲ ಬಿಟ್ಟು ಅದನ್ನೇ ಮುಚ್ಚುತ್ತಾರೆ. ಏರಿ ಒಡೆದರೆ ಕೆಳಗಿನ ಊರೇ ಹೋಗುತ್ತದೆ. ಆಮೇಲೆ ಕೋಡಿ, ತೂಬು, ಮಳೆನೀರು ತರುವ ಕಾಲುವೆ. ಹೂಳೆತ್ತುವುದು ಬೇಸಿಗೆಯಲ್ಲಿ ಕೆರೆ ಒಣಗಿದಾಗ. ನೀರು ಕಮ್ಮಿಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆ ನಾಟಿ ಮಾಡಬೇಕೆಂದು ಊರವರು ಮೊದಲೇ ಕೂತು ತೀರ್ಮಾನಿಸುತ್ತಿದ್ದರು. ಆಮೇಲೆ ನೀರುಗಂಟಿ ತೂಬೆತ್ತುತ್ತಿದ್ದ. ತಡಮಾಡಿದರೆ ಯಾವುದು ಮತ್ತೆ ಕೈಗೆ ಸಿಗುವುದಿಲ್ಲವೋ ಅದಕ್ಕೆ ಮೊದಲ ಪಾಳಿ.

ಬೆಂಗಳೂರಿನಲ್ಲೇ ಇರುವ ಜಕ್ಕೂರು ಕೆರೆಯಲ್ಲಿ ಕೆಲಸ ಒಳಹರಿವಿನಿಂದಲೇ ಶುರು. ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿಂದ ಆಪು, ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸೋಸಿ ಕೆರೆಗಿಳಿಯುತ್ತದೆ. ಅಲ್ಲಿ ಹೆಜ್ಜಾರ್ಲೆಗಳು ತೇಲುವುದನ್ನು ನೋಡಿದಾಗಲೆಲ್ಲ ನನಗೆ ಆಸೆ ಚಿಗುರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ವಾಕಿಂಗ್ ಪಾತ್, ದೀಪ, ಬೆಂಚಿನಿಂದಲೇ ಶುರುಮಾಡುತ್ತೇವಲ್ಲ, ಯಾಕೆ? ಬೆಂಚಿಗೆ ಯಾರ ತಕರಾರೂ ಇರುವುದಿಲ್ಲ. ಕಾಲುವೆಗೆ ಕೈಹಾಕಿದರೆ ಯಾರ ಮನೆಯ ಪೈಪು ಅದಕ್ಕೆ ಸೇರಿದೆ, ಯಾರ ಕಾಂಪೌಂಡು ಅದರ ಮೇಲೆ ನಿಂತಿದೆ ಎಂದು ಕೇಳಬೇಕಾಗುತ್ತದೆ. ಜಗಳವಿಲ್ಲದ ಕೆಲಸ ಮೊದಲು ಎಂಬುದೇ ನಮ್ಮ ಆದ್ಯತೆಯಾಗಿಬಿಟ್ಟಿದೆ. ಇದು ನನ್ನನ್ನು ಬಹಳ ಕಾಡುತ್ತದೆ. ನಮ್ಮ ಬಡಾವಣೆಯ ಕೆರೆ ಸಭೆಯಲ್ಲಿ ಬೆಂಚಿನ ಲೆಕ್ಕ ಬಂದಾಗೆಲ್ಲ ನಾನು ಎದ್ದು ನಿಂತು ಕೇಳುತ್ತೇನೆ, ಮೂಡಣ ದಿಕ್ಕಿನ ಮೋರಿಯಿಂದ ಬರುತ್ತಿರುವ ಆ ಕಪ್ಪು ನೀರು ಯಾವ ಬೀದಿಯದು?