ಸ್ಪೀಕರಿಗೆ ಕಣ್ಣಿಲ್ಲ

ಧ್ವನಿಮುದ್ರಿಕೆ ಹಾಕಿ ಸ್ಕ್ವೇರ್ ಡಾನ್ಸ್ ಮಾಡಿಸುವುದನ್ನು ಕಂಡರೆ ನನಗಾಗುವುದಿಲ್ಲ. ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ ಅಲ್ಲಿನ ಸಮುದಾಯ ಭವನವೊಂದರಲ್ಲಿ ಹಾಗೆ ಮಾಡಿದ್ದರು. ಎಡಕ್ಕೆ ತಿರುಗಬೇಕಾದಲ್ಲಿ ಒಬ್ಬ ಅಜ್ಜಿ ಬಲಕ್ಕೆ ತಿರುಗಿದರು. ಎಂಟು ಜನರೂ ಗೋಜಲಾಗಿ ನಿಂತರು. ಸ್ಪೀಕರಿನೊಳಗಿನ ಗಂಡಸು ಮಾತ್ರ ಮುಂದಿನ ಹೆಜ್ಜೆ, ಅದರ ಮುಂದಿನ ಹೆಜ್ಜೆ ಎಂದು ಹೇಳುತ್ತಲೇ ಹೋದ. ಅಜ್ಜಿ ಮೆಲ್ಲಗೆ ಹೋಗಿ ಕುರ್ಚಿಯಲ್ಲಿ ಕೂತರು. ಆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ.

ಅಸಲಿ ಕುಣಿತ ಬೇರೆಯೇ. ನಾಲ್ಕು ಜೋಡಿಗಳು ಚೌಕವಾಗಿ ನಿಲ್ಲುತ್ತವೆ. ಪಿಟೀಲು, ಬ್ಯಾಂಜೊ ಶುರುವಾಗುತ್ತವೆ. ಕಾಲರ್ ಎನ್ನುವವರು ಹೆಜ್ಜೆಗಳನ್ನು ಕೂಗಿ ಹೇಳಿದಂತೆ ಎಲ್ಲರೂ ಕುಣಿಯಬೇಕು. ನಮ್ಮ ಯಕ್ಷಗಾನದ ಭಾಗವತರು ಪದ ಎತ್ತಿದರೆ ವೇಷಧಾರಿಗೆ ಮುಂದೇನೆಂದು ಗೊತ್ತಿರುತ್ತದೆ. ಇಲ್ಲಿ ಕುಣಿಯುವವರಿಗೆ ಏನೂ ಗೊತ್ತಿರಬೇಕಾಗಿಲ್ಲ. ಹಾಗಾಗಿ ಕಾಲರ್ ಒಂದೆರಡು ಪೆಟ್ಟು ಮುಂಚೆಯೇ ಹೇಳಿರಬೇಕು. ಮಾತು ಕಿವಿಗೆ ಬಿದ್ದು ಕಾಲಿಗಿಳಿಯುವ ಹೊತ್ತಿಗೆ ಸಂಗೀತದ ಹೊಸ ಸಾಲು ಬಂದಿರುತ್ತದೆ. ಬೆನ್ನಿಗೆ ಬೆನ್ನು ಹಾಯ್ದು ಬರುವ ಡೋ-ಸಿ-ಡೋದಲ್ಲಿ ಯಾರೋ ಹಿಂದುಳಿದರೆ, ಕಾಲರ್ ಕೋಳಿಯದೋ ಕುದುರೆಯದೋ ಒಂದು ಪ್ರಾಸ ಕಟ್ಟಿ, ಅವರು ಬಂದು ಸೇರುವವರೆಗೆ ತಾಳ ತುಂಬಿಸುತ್ತಾರೆ. ಹಳೆಯ ಕುಣಿತಗಳ ಕಟ್ಟಿನಲ್ಲೇ ಕರುಣೆಯಿದೆ. ಸಂಗೀತಗಾರರಿಗೆ ಬೆನ್ನು ಮಾಡಿ ನಿಂತದ್ದು ಒಂದನೇ ಜೋಡಿ. ಅದು ಒಂದೊಂದೇ ಜೋಡಿಯ ಬಳಿಗೆ ಹೋಗಿ ಕುಣಿದು ಬಂದ ಮೇಲೆ ಎರಡನೆಯದರ ಸರದಿ. ಹೊಸಬರನ್ನು ನಾಲ್ಕನೆಯ ಜಾಗದಲ್ಲಿ ನಿಲ್ಲಿಸಿದರೆ ಸಾಕು, ತಮ್ಮ ಸರದಿ ಬರುವಷ್ಟರಲ್ಲಿ ನೋಡಿ ನೋಡಿಯೇ ಕಲಿತಿರುತ್ತಾರೆ.

ಇಷ್ಟು ಉದಾರವಾದ ಈ ಕಲೆ ಯಾರದು? ಫ್ರಾನ್ಸಿನ ಕೊಟಿಲಿಯನ್, ಕ್ವಾಡ್ರಿಲ್‌ಗಳಲ್ಲೂ ಚೌಕವಿತ್ತು. ಆದರೆ ನೃತ್ಯಗುರುಗಳ ಬಳಿ ಮೊದಲೇ ಕಲಿತು ಬರಬೇಕಿತ್ತು. ಅಮೆರಿಕದಲ್ಲಿ ಬಿಳಿಯರ ಕುಣಿತಗಳಿಗೆ ಪಿಟೀಲು ನುಡಿಸುತ್ತಿದ್ದವರಲ್ಲಿ ಅನೇಕರು ಗುಲಾಮರಾಗಿದ್ದ ಕಪ್ಪುಜನರು. ನುಡಿಸುತ್ತಲೇ ಹೆಜ್ಜೆಗಳನ್ನು ಕೂಗಿ ಹೇಳುವುದನ್ನು ಶುರುಮಾಡಿದವರು ಅವರೇ ಎಂದು ಸ್ವತಃ ಕಾಲರ್ ಆಗಿರುವ ಫಿಲ್ ಜೇಮಿಸನ್ ತಮ್ಮ 2015ರ ಪುಸ್ತಕದಲ್ಲಿ ಹಳೆಯ ದಾಖಲೆಗಳನ್ನು ಮುಂದಿಟ್ಟು ವಾದಿಸುತ್ತಾರೆ. ಆದರೆ ಹೆಸರು ಹೋದದ್ದು ಬೇರೆಯವರಿಗೆ. 1917ರಲ್ಲಿ ಕೆಂಟಕಿಯ ಬೆಟ್ಟಗಳಲ್ಲಿ ಇಂಥ ಕುಣಿತ ನೋಡಿದ ಇಂಗ್ಲೆಂಡಿನ ಜಾನಪದ ಸಂಗ್ರಾಹಕ ಸೆಸಿಲ್ ಶಾರ್ಪ್, ಇದು ತಮ್ಮ ದೇಶದ ಪುರಾತನ ನೃತ್ಯದ ಉಳಿಕೆ ಎಂದು ಸಂಭ್ರಮಪಟ್ಟರು. ಮೋಟಾರು ಕಾರಿನ ಹೆನ್ರಿ ಫೋರ್ಡ್‌ಗೆ ಜಾಝ್ ಕಂಡರಾಗದು. ಅದನ್ನು ಯಹೂದಿಗಳ ತಲೆಗೆ ಕಟ್ಟಿ ತನ್ನ ಪತ್ರಿಕೆಯಲ್ಲಿ ಬರೆಸಿದ. ಅದಕ್ಕೆ ಮದ್ದೆಂದು ಹಳೆಯ ಕುಣಿತಗಳನ್ನು ಎತ್ತಿಹಿಡಿದು, ನೃತ್ಯಗುರು ಬೆಂಜಮಿನ್ ಲವೆಟ್‌ರನ್ನು ಕರೆಸಿಕೊಂಡು, 1926ರಲ್ಲಿ ಪುಸ್ತಕವನ್ನೂ ತಂದ. ಶಾಲೆಗಳಿಗೂ ಕುಣಿತ ಹೋಯಿತು. ಕಪ್ಪುಜನರ ಸಂಗೀತವಾದ ಜಾಝನ್ನು ಓಡಿಸಲು ಆತ ಹಿಡಿದುಕೊಂಡದ್ದು ಕಪ್ಪುಜನರೇ ದನಿ ಕೊಟ್ಟ ಕುಣಿತವನ್ನು. 1982ರಲ್ಲಿ ಸ್ಕ್ವೇರ್ ಡಾನ್ಸನ್ನು ಎರಡು ವರ್ಷಗಳ ಮಟ್ಟಿಗೆ ರಾಷ್ಟ್ರೀಯ ಜಾನಪದ ನೃತ್ಯವೆಂದು ಘೋಷಿಸುವ ಕಾನೂನಿಗೆ ಅಧ್ಯಕ್ಷ ರೇಗನ್ ಸಹಿ ಹಾಕಿದರು. ಆದರೆ ಕುಣಿತಕ್ಕೆ ದನಿ ಕೊಟ್ಟ ಆ ಪಿಟೀಲುಗಾರರಲ್ಲಿ ಎಷ್ಟೋ ಜನರ ಹೆಸರನ್ನು ಯಾರೂ ಬರೆದಿಡಲೇ ಇಲ್ಲ.

1974ರಲ್ಲಿ ಕಾಲರ್‌ಗಳ ಸಂಘ ಕಾಲರ್‌ಲ್ಯಾಬ್ ಹುಟ್ಟಿ, ಯಾವ ಕೂಗಿಗೆ ಯಾವ ಹೆಜ್ಜೆ ಎಂದು ಪಟ್ಟಿ ಮಾಡಿತು. ಆ ಪಟ್ಟಿಯ ಪ್ರಕಾರ ಆಧುನಿಕ ಶೈಲಿಯ ಕ್ಲಬ್ಬುಗಳಲ್ಲಿ ತಿಂಗಳುಗಟ್ಟಲೆ ಪಾಠ ಕಲಿತು ಕುಣಿಯುತ್ತಾರೆ. ಅವರ ಸಂತೋಷ ಅವರಿಗಿರಲಿ. ಆದರೆ ಬೀದಿಯಿಂದ ಬಂದವರನ್ನೂ ಒಳಗೆ ಕರೆದು, ಹತ್ತು ನಿಮಿಷದಲ್ಲಿ ಅಪರಿಚಿತರ ಕೈ ಹಿಡಿಸಿ ಕುಣಿಸುವ ಶಕ್ತಿ ಕಣ್ಣೆದುರು ನಿಂತು ನಮ್ಮ ಕಾಲುಗಳನ್ನು ನೋಡುವ ಮನುಷ್ಯರಿಗೆ ಮಾತ್ರ ಇದೆ.

ನಿಮ್ಮ ಮಕ್ಕಳೂ ಅಮೆರಿಕದಲ್ಲಿದ್ದಾರು, ನೀವೂ ಹೋಗಿಬರುವವರಿದ್ದೀರಿ. ಭಿತ್ತಿಪತ್ರದಲ್ಲಿ ಕಾಲರ್ ಹೆಸರಿದೆಯೇ ಎಂದು ಮೊದಲು ನೋಡಿ. ಇದ್ದರೆ ಮುಜುಗರಪಡದೆ ನುಗ್ಗಿ, ನಾಲ್ಕನೆಯ ಜೋಡಿಯಾಗಿ ನಿಲ್ಲಿ. ಇಲ್ಲದಿದ್ದರೆ ಹೋಗಲೇಬೇಡಿ.