ಮಡಿಲಿಗಿಂತ ಆಸನ ಲೇಸು
ಸಿಂಧನೂರಿನಿಂದ ಮಸ್ಕಿಯ ಮಲ್ಲಯ್ಯನ ದರ್ಶನಕ್ಕೋ ಲಿಂಗಸುಗೂರಿನ ಬೀಗರ ಮನೆಗೋ ಕಾರಿನಲ್ಲಿ ಹೊರಟಾಗ ಕೂಸನ್ನು ಅಜ್ಜಿಯ ಮಡಿಲಿಗೆ ಕೊಡುವುದು ನಮ್ಮ ಮನೆಗಳ ರೂಢಿ. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಕಿಕ್ಕಿರಿದ ಆ ದಾರಿಯಲ್ಲಿ ಕಾರು ಡಿಕ್ಕಿ ಹೊಡೆದರೆ ಎಂಥ ಅಕ್ಕರೆಯ ಕೈಗಳೂ ಕೂಸನ್ನು ಹಿಡಿದಿಡಲಾರವು.

ಆದುದರಿಂದ ಮೊಮ್ಮಗಳಿಗಾಗಿ ನಾವು ಹಿಂದಕ್ಕೂ ಮುಂದಕ್ಕೂ ಮುಖಮಾಡಿಸಿ ಕಟ್ಟಬಹುದಾದ ಆಸನವನ್ನು ಆರಿಸಿದೆವು. ಎಳೆಗೂಸಿನ ತಲೆ ಭಾರ, ಕೊರಳು ಮೆತ್ತಗೆ. ಹಿಮ್ಮುಖವಾಗಿ ಕುಳಿತಾಗ ಆಘಾತವು ಬೆನ್ನಿನುದ್ದಕ್ಕೂ ಹಂಚಿಹೋಗುತ್ತದೆ. ಆಸನಕ್ಕೆ ನಿಗದಿಯಾದ ತೂಕ, ಎತ್ತರಗಳನ್ನು ಕೂಸು ಮೀರುವವರೆಗೆ ಮುಂದಕ್ಕೆ ತಿರುಗಿಸುವ ಅವಸರ ಬೇಡ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಂತೂ ಹಿಮ್ಮುಖ ಆಸನ ಸಲ್ಲದು.

ಅಜ್ಜಿಯನ್ನು ಒಪ್ಪಿಸುವುದೇ ಕಷ್ಟವಾಯಿತೆನ್ನಿ! 14 ವರ್ಷದೊಳಗಿನವರನ್ನು ಬೆಲ್ಟಿನಿಂದಲೋ ಇಂಥ ಆಸನದಿಂದಲೋ ಭದ್ರಪಡಿಸದಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ 1,000 ರೂಪಾಯಿ ದಂಡವುಂಟು.

ಕೊಳ್ಳುವ ಮುನ್ನ ಆಸನವನ್ನು ನಮ್ಮ ಕಾರಿನಲ್ಲಿಯೇ ಕಟ್ಟಿ, ಅಲುಗಾಡಿಸಿ ನೋಡಿದೆವು. ಅಪಘಾತ ಕಂಡ ಹಳೆಯ ಆಸನವನ್ನು ಬಂಧುಗಳು ಪ್ರೀತಿಯಿಂದ ಕೊಟ್ಟರೂ ವಿನಯದಿಂದ ಒಲ್ಲೆವೆನ್ನಬೇಕು.