ಹಂದಿಯ ಹಿಂದೆ ಏನಿದೆ?

ಕಡಿಮೆ ಬೆಲೆಯ ಒಳ್ಳೆಯ ಬೇಟೆ ರೈಫಲ್ ಯಾವುದು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಅದೇ ಪ್ರಶ್ನೆಗೆ ನಮ್ಮ ಮಲೆನಾಡಿನಲ್ಲಿ ಉತ್ತರ ಹುಡುಕಲು ನನಗೂ ನನ್ನ ತಮ್ಮನಿಗೂ ಒಂದು ಇಡೀ ಮಳೆಗಾಲ ಹಿಡಿಯಿತು.

ತಮ್ಮ ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ತೋಟ ನೋಡಿಕೊಂಡಿದ್ದಾನೆ. ಎರಡು ಎಕರೆ ಅಡಿಕೆ, ಅದರ ಕೆಳಗೆ ಒಂದೂವರೆ ಎಕರೆ ಗದ್ದೆ. ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಹಂದಿಗಳು ಇಳಿಯುತ್ತವೆ. ತಿನ್ನುವುದಕ್ಕಿಂತ ತುಳಿದು, ಹೊರಳಾಡಿ ಹಾಳು ಮಾಡುವುದೇ ಹೆಚ್ಚು. ಭತ್ತ ಮುಗಿದರೆ ಬಾಳೆ ಬುಡ, ಕೆಸುವಿನ ಗೆಡ್ಡೆ, ಹೊಸದಾಗಿ ನೆಟ್ಟ ಅಡಿಕೆ ಸಸಿ. ಅಪ್ಪ ಇದ್ದಾಗ ಮನೆಯಲ್ಲಿ ಒಂದು ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಅಪ್ಪ ಹೋದ ಮೇಲೆ ಅದನ್ನು ಪರವಾನಗಿ ಇರುವ ವ್ಯಾಪಾರಿಯ ಬಳಿ ಠೇವಣಿ ಇಟ್ಟಿದ್ದೆವು. ಕಳೆದ ವರ್ಷ ಜೂನ್‌ನಲ್ಲಿ ತಮ್ಮ ಫೋನ್ ಮಾಡಿ, "ಆ ಹಳೇ ಕೋವಿ ಸಾಕು ಅಣ್ಣ, ಒಂದು ಈಡು ಹೊಡೆದ್ರೆ ಮತ್ತೆ ತುಂಬಬೇಕು. ದೂರಕ್ಕೆ ಹೊಡೆಯೋ ಒಂದು ರೈಫಲ್ ನೋಡು. ಜಾಸ್ತಿ ದುಡ್ಡಿನದ್ದು ಬೇಡ" ಎಂದ. ಪುಣೆಯಲ್ಲಿ ಕೂತು ನಾನು ಮಾಡುವ ಕೆಲಸವೇ ಇಂಥದ್ದು: ಯಾರೋ ಏನೋ ಕೇಳುತ್ತಾರೆ, ನಾನು ಒಂದು ಎಕ್ಸೆಲ್ ಹಾಳೆ ತೆರೆಯುತ್ತೇನೆ. ಬೆಲೆ, ತೂಕ, ಗುಂಡಿನ ಬೆಲೆ, ರಿಪೇರಿ ಎಂದು ಕಾಲಮ್ಮುಗಳನ್ನು ಹಾಕಿಕೊಂಡೆ.

ಮೊದಲು ಕೇಳಿದ್ದು ವಿಸ್ಕಾನ್ಸಿನ್‌ನಲ್ಲಿರುವ ನಮ್ಮ ಗ್ರಾಹಕ ಕಂಪನಿಯ ಒಬ್ಬ ಇಂಜಿನಿಯರನ್ನು. ಆ ರಾಜ್ಯದಲ್ಲಿ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಬಂದೂಕಿನ ಜಿಂಕೆ ಬೇಟೆಯ ಋತು. ಆ ಒಂಬತ್ತು ದಿನದಲ್ಲಿ ಸಾಫ್ಟ್‌ವೇರ್ ಬಿಡುಗಡೆ ಇಟ್ಟುಕೊಂಡರೆ ಆ ಕಡೆ ಫೋನ್ ಎತ್ತುವವರೇ ಇರುವುದಿಲ್ಲ. ಅವನು ಖುಷಿಯಿಂದ ವಿವರಿಸಿದ. ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್ ಇವು ಅಲ್ಲಿನ ಅಗ್ಗದ ಬೋಲ್ಟ್ ಆಕ್ಷನ್ ರೈಫಲ್‌ಗಳು. ಅಲಂಕಾರ ಇಲ್ಲ, ಪ್ಲಾಸ್ಟಿಕ್ ಹಿಡಿ, ಆದರೆ ಗುರಿ ತಪ್ಪುವುದಿಲ್ಲ. ಅವನ ಸಲಹೆಗಳು ನಾಲ್ಕು. ಹತ್ತಿರದ ಅಂಗಡಿಯಲ್ಲಿ ಯಾವ ಗುಂಡು ಯಾವಾಗಲೂ ಸಿಗುತ್ತದೋ ಆ ಅಳತೆಯ ಬಂದೂಕನ್ನೇ ಕೊಳ್ಳು. ಬಂದೂಕಿನಲ್ಲಿ ಉಳಿಸಿದ ದುಡ್ಡನ್ನು ದುರ್ಬೀನಿಗೆ ಹಾಕು. ಭುಜಕ್ಕೆ ಹಿಡಿದು ನೋಡದೆ ಕೊಳ್ಳಬೇಡ. ನಾಲ್ಕನೆಯದನ್ನು ಅವನು ತನ್ನ ಮಗನಿಗೆ ಕಲಿಸಿದ ಪಾಠ ಎಂದು ಹೇಳಿದ: ಕುದುರೆ ಎಳೆಯುವ ಮುಂಚೆ ಪ್ರಾಣಿಯನ್ನಲ್ಲ, ಪ್ರಾಣಿಯ ಹಿಂದೆ ಏನಿದೆ ಎಂಬುದನ್ನು ನೋಡು.

ಇದನ್ನೆಲ್ಲ ಹಾಳೆಗೆ ಏರಿಸಿ ನಮ್ಮ ದೇಶದ ಮಾರುಕಟ್ಟೆ ನೋಡಲು ಕೂತಾಗ ಪಟ್ಟಿ ಸಣ್ಣದಾಗುತ್ತ ಹೋಯಿತು. ಸಾಮಾನ್ಯ ಜನ ವಿದೇಶದಿಂದ ಬಂದೂಕು ತರಿಸುವುದು 1980ರ ದಶಕದಲ್ಲೇ ನಿಂತುಹೋಗಿದೆ. ಅದಕ್ಕೆ ಮುಂಚೆ ಬಂದ ಹಳೆಯ ಇಂಗ್ಲಿಷ್ ಬಂದೂಕುಗಳು ಕೈಯಿಂದ ಕೈಗೆ ದಾಟುತ್ತ ಚಿನ್ನದ ಹಾಗೆ ಬೆಲೆ ಏರಿಸಿಕೊಂಡಿವೆ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದವರು ನಾವು. ಆಂಡರ್ಸನ್ ಹಿಡಿಯುತ್ತಿದ್ದ .405 ವಿಂಚೆಸ್ಟರ್, ಜಿಮ್ ಕಾರ್ಬೆಟ್ಟರ .275 ರಿಗ್ಬಿ ಈಗ ಪುಸ್ತಕದಲ್ಲಷ್ಟೇ ಚೆನ್ನ.

ಕೈಗೆಟುಕುವ ಬೆಲೆಗೆ ಉಳಿಯುವುದು ನಮ್ಮ ಸರ್ಕಾರಿ ಕಾರ್ಖಾನೆಯ .315 ರೈಫಲ್. ಪಶ್ಚಿಮ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದ ಬಂದೂಕು ಇದು. .315 ಎಂದರೆ ನಳಿಗೆಯ ಅಳತೆ ಅಂಗುಲದಲ್ಲಿ, ಸುಮಾರು 8 ಮಿಲಿಮೀಟರ್. ಈ ವಿಚಿತ್ರ ಅಳತೆ ಯಾಕೆ ಎಂದರೆ, ಸೈನ್ಯದ .303 ಗುಂಡುಗಳು ಜನರ ಬಂದೂಕಿಗೆ ಹೊಂದಿಕೊಳ್ಳಬಾರದು ಎಂದು ಬ್ರಿಟಿಷರು ಆ ಅಳತೆಯನ್ನು ಜನರಿಗೆ ನಿಷೇಧಿಸಿದ್ದರು. ಇವತ್ತಿಗೂ .303 ನಿಷೇಧಿತ ಬೋರ್, .315 ಅಲ್ಲ. ತಮ್ಮನಿಗೆ ಹೇಳಿದೆ. "ಅದೇ ಸಾಕು, ನೋಡು" ಎಂದ.

ಆಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ತೆರೆದೆ. 13ನೇ ಕಲಮಿನಲ್ಲಿ ಬೆಳೆ ರಕ್ಷಣೆಯ ಮಾತು ಬರುತ್ತದೆ. ಬೆಳೆ ಕಾಯಲು ಎಂದು ಅರ್ಜಿ ಹಾಕಿದವರಿಗೆ ಅದು ಮೊದಲು ಹೇಳುವುದು ಬಾಯಿಯಿಂದ ಮಸಿ ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು. ರೈಫಲ್ ಆ ಸಾಲಿನಲ್ಲೇ ಇಲ್ಲ. ರೈಫಲ್‌ಗೆ ಪರವಾನಗಿಯೇ ಸಿಗುವುದಿಲ್ಲ ಎಂದಲ್ಲ. ಅದಕ್ಕೆ ಬೇರೆ ಸಕಾರಣ ತೋರಿಸಬೇಕು, ಹಂದಿ ಸಾಲದು.

ಇದು ಬರೀ ಕಾಗದದ ತಕರಾರು ಎಂದು ತಮ್ಮನಿಗೆ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ. ರೈಫಲ್ಲಿನ ನಳಿಗೆಯ ಒಳಗೆ ತಿರುಪಿನ ಗೀರುಗಳಿರುತ್ತವೆ. ಗುಂಡು ಬುಗುರಿಯ ಹಾಗೆ ತಿರುಗುತ್ತ ಹೊರಬೀಳುತ್ತದೆ, ಅದಕ್ಕೇ ನೇರ ಹೋಗುತ್ತದೆ, ದೂರ ಹೋಗುತ್ತದೆ. ಗುರಿ ತಪ್ಪಿದ .315 ಗುಂಡು ಒಂದು ಕಿಲೋಮೀಟರ್ ದಾಟಿಯೂ ಮನುಷ್ಯನನ್ನು ಕೊಲ್ಲಬಲ್ಲದು. ಕೋವಿಯ ಕಥೆ ಬೇರೆ. 12 ಬೋರ್ ಎಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದಾಗ ಒಂದು ಉಂಡೆಯ ಅಗಲ ಎಷ್ಟೋ ಅಷ್ಟು ಅಗಲದ ನಳಿಗೆ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಅದರೊಳಗಿಂದ ಹೊರಟ ಚರೆಗಳು ಚದುರುತ್ತವೆ; ಮೂವತ್ತು ನಲವತ್ತು ಮೀಟರ್ ಆಚೆಗೆ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ತಮ್ಮ ದೋಷ ಎಂದುಕೊಂಡಿದ್ದು ಅದನ್ನೇ.

ನಾನು ನಮ್ಮ ಗದ್ದೆಯನ್ನು ನೆನಪು ಮಾಡಿಕೊಂಡೆ. ಗದ್ದೆಯ ಆಚೆ ಹಳ್ಳ. ಹಳ್ಳದ ಆಚೆ ದರೆ, ದರೆಯ ಮೇಲೆ ಮೂರು ಮನೆ. ಮನೆಯಿಂದ ಅಲ್ಲಿಗೆ ಮುನ್ನೂರು ಮೀಟರ್ ಇದ್ದರೆ ಹೆಚ್ಚು. ಬೆಳಗಿನ ಜಾವ ಪಂಪ್ ಹಾಕಲು ಟಾರ್ಚ್ ಹಿಡಿದು ಬರುವವರು, ಡೈರಿಗೆ ಹಾಲು ಒಯ್ಯುವವರು ಎಲ್ಲರೂ ನಡೆಯುವುದು ಹಳ್ಳದ ಪಕ್ಕದ ಕಾಲುದಾರಿಯಲ್ಲಿ. ಅಮೆರಿಕದವನ ನಾಲ್ಕನೆಯ ಪಾಠಕ್ಕೆ ನಮ್ಮೂರಿನಲ್ಲಿ ಉತ್ತರ ಇಷ್ಟೇ: ಹಂದಿಯ ಹಿಂದೆ ಯಾವಾಗಲೂ ಯಾರೋ ಇರುತ್ತಾರೆ.

ನಾವು ಚಿಕ್ಕವರಿದ್ದಾಗ ನಮ್ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬರು ಬಲಗಾಲು ಎಳೆದು ನಡೆಯುತ್ತಿದ್ದರು. ಯಕ್ಷಗಾನ ನೋಡಿಕೊಂಡು ಸರಿರಾತ್ರಿ ತೋಟದ ದಾರಿಯಲ್ಲಿ ಬರುವಾಗ ಮಾಳದಲ್ಲಿ ಕೂತಿದ್ದವರು ಹಂದಿಯೆಂದು ಈಡು ಹೊಡೆದಿದ್ದರು. ತೊಡೆಗೆ ಬಿದ್ದ ಚರೆಗಳಲ್ಲಿ ಎರಡು ಕೊನೆಯವರೆಗೂ ಒಳಗೇ ಇದ್ದವು. ಹೊಡೆದವರು, ಬಿದ್ದವರು ಇಬ್ಬರೂ ಒಂದೇ ಕೇರಿಯವರು. ಆಮೇಲೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ಅದು ಚರೆಯಾಗಿದ್ದಕ್ಕೆ ಅವರು ಬದುಕಿದರು. ಇಂಥ ಸುದ್ದಿ ಇವತ್ತಿಗೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ, ಎಲ್ಲರೂ ಅವರಷ್ಟು ಅದೃಷ್ಟವಂತರಲ್ಲ. ತಮ್ಮನಿಗೆ ಅವರನ್ನು ನೆನಪಿಸಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಳೆಯಿಂದ ರೈಫಲ್ ಹೋಯಿತು. ಏರ್‌ಗನ್ ಆಗಬಹುದೇ ಎಂದು ತಮ್ಮನ ಮಗ ಕೇಳಿದ. 4.5 ಮಿಲಿಮೀಟರ್ ಒಳಗಿನ, 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ, ಬೆಲೆಯೂ ಕಡಿಮೆ, ನಿಜ. ಆದರೆ ಅದು ಗುರಿಯ ಅಭ್ಯಾಸಕ್ಕೆ. ಹಂದಿಯ ಚರ್ಮಕ್ಕೆ ಅದು ಸೊಳ್ಳೆ ಕಡಿದ ಹಾಗೆ. ಬೇರೆ ಸಣ್ಣ ಪ್ರಾಣಿಗಾದರೆ ನರಳಿಸುವ ಗಾಯ.

ಇನ್ನು ದೊಡ್ಡ ಪ್ರಶ್ನೆ. ಕೋವಿಯ ಪರವಾನಗಿ ಸಿಕ್ಕಿದರೆ ಹಂದಿಯನ್ನು ಹೊಡೆಯಬಹುದೇ? ಊರಿನಲ್ಲಿ ಬಹಳ ಜನ ಹೌದು ಎಂದೇ ತಿಳಿದಿದ್ದಾರೆ. ಪರವಾನಗಿ ಕೊಡುವುದು ಕೋವಿ ಇಟ್ಟುಕೊಳ್ಳುವ ಹಕ್ಕನ್ನು. ಕೊಲ್ಲುವ ವಿಷಯ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ್ದು. ಕಾಡುಹಂದಿ ಅದರ ಪಟ್ಟಿಯಲ್ಲಿದೆ. ಜೀವಕ್ಕೋ ನಿಂತ ಬೆಳೆಗೋ ಅಪಾಯ ಎಂದಾದರೆ ಅರಣ್ಯ ಇಲಾಖೆಯ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಹಾಗೆ ಕೊಂದರೂ ಸತ್ತ ಹಂದಿ ಸರ್ಕಾರದ ಸ್ವತ್ತು. ಮೈಮೇಲೆ ಬಂದಾಗ ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ. ಮಿಕ್ಕಿದ್ದೆಲ್ಲ ಜೈಲಿನ ದಾರಿ.

ನಮ್ಮ ಕನ್ನಡ ಬಳಗದ ಕೊಡಗಿನ ಗೆಳೆಯನಿಗೂ ಇದನ್ನು ಹೇಳಿದೆ. ಅವರ ಮನೆಯಲ್ಲಿ ಕೋವಿ ಎಂದರೆ ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಗೊಳ್ಳುವ ವಸ್ತು. 1861ರಿಂದ ಬಂದ ರಿಯಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ; ಸದ್ಯ 2029ರ ವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. "ರಿಯಾಯಿತಿ ಇರೋದು ಪರವಾನಗಿಗೆ, ಹಂದಿಗಲ್ಲ. ನಮಗೂ ಕಾಡಿನ ಕಾಯ್ದೆ ಒಂದೇ" ಎಂದು ಅವನು ನಕ್ಕ.

ತಮ್ಮ ನಗಲಿಲ್ಲ. "ನಿಂಗೆ ಅಲ್ಲಿ ಕೂತು ನೋಡಿದ್ರೆ ಅದು ವನ್ಯಜೀವಿ. ನಂಗೆ ಅದು ನಾಲ್ಕು ಚೀಲ ಭತ್ತ ಮಾರಾಯ. ಹೊಡೆಯೋ ಹಾಗಿಲ್ಲ ಅಂದ್ಮೇಲೆ ಕೋವಿ ಎಂತಕ್ಕೆ?" ಎಂದ. ಅವನ ಸಿಟ್ಟಿನಲ್ಲಿ ನ್ಯಾಯವಿದೆ. ಹಂದಿಯನ್ನು ಸಾಕುವುದು ಇಡೀ ದೇಶ, ಅದಕ್ಕೆ ಊಟ ಹಾಕುವುದು ಅವನೊಬ್ಬ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕೋವಿ ಎಂತಕ್ಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಮ್ಮ. "ನಿಮ್ಮಪ್ಪ ಎಷ್ಟು ಹಂದಿ ಹೊಡೆದಿದ್ರು? ವರ್ಷಕ್ಕೆ ಹತ್ತು ತೋಟಾ ಆಕಾಶಕ್ಕೆ ಹೊಡೆದಿರಬಹುದು. ಸದ್ದಿಗೆ ಓಡ್ತಿದ್ವು. ಆದ್ರೆ ಆಗ ಮಾಳದಲ್ಲಿ ನಾಲ್ಕು ಜನ ಇರ್ತಿದ್ರು. ಈಗ ರಾತ್ರಿ ಹೋಗಿ ಕೂರೋರು ಯಾರು?" ತಮ್ಮನಿಗೆ ಐದು ವರ್ಷದಿಂದ ಸಕ್ಕರೆ ಕಾಯಿಲೆ. ಅವನ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ನಾನು ಇಲ್ಲಿದ್ದೇನೆ. ನನ್ನ ಹಾಳೆಯಲ್ಲಿ ನಿದ್ದೆಗೆ ಕಾಲಮ್ಮೇ ಇರಲಿಲ್ಲ, ಸೇರಿಸಿದೆ. ಸೇರಿಸಿದ ಮೇಲೆ ಬಂದೂಕಿನ ಬೆಲೆ ಆ ಹಾಳೆಯ ಅತಿ ಸಣ್ಣ ಅಂಕಿಯಾಯಿತು.

ಕೊನೆಗೆ ಲೆಕ್ಕ ಹೀಗೆ ನಿಂತಿತು. ಗದ್ದೆಗೆ ಅಪಾಯ ಇರುವುದು ಹಾಲುಗಾಳಿನಿಂದ ಕೊಯ್ಲಿನವರೆಗೆ, ಸುಮಾರು ಒಂದು ತಿಂಗಳು. ಒಂದೂವರೆ ಎಕರೆ ಚೌಕವಾಗಿದ್ದರೆ ಸುತ್ತಳತೆ 312 ಮೀಟರ್. ನಮ್ಮ ಗದ್ದೆ ಹಳ್ಳದ ಹಾಗೆ ಬಳುಕಿರುವುದರಿಂದ 400 ಹಿಡಿದೆವು. ಮೂರು ಎಳೆಗೆ 1200 ಮೀಟರ್ ತಂತಿ, ಒಂದು ಸೋಲಾರ್ ಯಂತ್ರ. ಅದು ಬಿಟ್ಟು ಬಿಟ್ಟು ಕ್ಷಣದ ಏಟು ಕೊಡುತ್ತದೆ, ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನೇ ಬೇಲಿಗೆ ಕೊಟ್ಟು ಆನೆಯನ್ನೂ ಅಕ್ಕಪಕ್ಕದವರನ್ನೂ ಕೊಂದವರ ಕಥೆ ಬೇರೆ, ಅದು ಅಪರಾಧ. ಹಂದಿಗಾಗಿ ಕೆಳಗಿನ ಎಳೆ ನೆಲದಿಂದ ಒಂದಡಿಯೊಳಗೆ ಇರಬೇಕು, ಅದಕ್ಕೆ ಹುಲ್ಲು ತಾಗಿದರೆ ವಿದ್ಯುತ್ ಮಣ್ಣಿಗೆ ಇಳಿದುಹೋಗುತ್ತದೆ. ಅಂದರೆ ಕಳೆ ತೆಗೆಯುವ ಕೆಲಸ ತಪ್ಪಿದ್ದಲ್ಲ.

ಕೋವಿಯ ಮಟ್ಟಿಗೆ ಅತಿ ಅಗ್ಗದ್ದು ಅಪ್ಪನದ್ದೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡರೆ ಕಾನೂನುಬದ್ಧ ವಾರಸುದಾರ ಅರ್ಜಿ ಹಾಕಬಹುದು. ಬದುಕಿದ್ದಾಗಲೇ, ಪರವಾನಗಿದಾರರಿಗೆ 70 ತುಂಬಿದರೆ ಅಥವಾ ಆ ಆಯುಧ 25 ವರ್ಷ ಅವರ ಬಳಿ ಇದ್ದರೆ ಮಕ್ಕಳ ಹೆಸರಿಗೆ ಕೇಳಬಹುದು. ಊರಿನಲ್ಲಿ ವಯಸ್ಸಾದ ತಂದೆಯ ಹೆಸರಿನಲ್ಲಿ ಕೋವಿ ಇರುವವರು ಇದನ್ನು ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ವೈದ್ಯರ ಪತ್ರ, ಸುರಕ್ಷತಾ ತರಬೇತಿಯ ಪತ್ರ ಬೇಕು. ಸಿಕ್ಕ ಪರವಾನಗಿಗೆ ಐದು ವರ್ಷದ ಅವಧಿ. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಬಹುದು, ಹಂದಿಗೆ ಮಾತ್ರ ನೀತಿ ಸಂಹಿತೆ ಇಲ್ಲ.

ತಮ್ಮ ಅರ್ಜಿ ಹಾಕಿದ್ದಾನೆ. ತರಬೇತಿಗೆ ಹೋಗಿ ಬಂದವನು ಫೋನ್ ಮಾಡಿ, ಅಲ್ಲಿಯೂ ಮೊದಲು ಹೇಳಿದ್ದು ಹಿಂದೆ ಏನಿದೆ ನೋಡು ಎಂಬ ಮಾತನ್ನೇ ಎಂದ. ಕಳೆದ ನವೆಂಬರ್‌ನಲ್ಲಿ ಬೇಲಿ ಹಾಕಿದೆವು. ಎರಡು ರಾತ್ರಿ ಹಂದಿಗಳು ಹಳ್ಳದ ಕಡೆಯಿಂದ ನುಗ್ಗಿದವು, ಉಳಿದ ದಿನ ಬರಲಿಲ್ಲ. ನಷ್ಟ ಆಗಿಯೇ ಆಯಿತು, ನಾಲ್ಕು ಚೀಲ ಅಲ್ಲ, ಒಂದೂವರೆ. ಆ ಒಂದೂವರೆ ಚೀಲದ ಬಗ್ಗೆ ತಮ್ಮ ಇನ್ನೂ ಗೊಣಗುತ್ತಾನೆ, ರೈಫಲ್ ಇದ್ದಿದ್ದರೆ ಎನ್ನುತ್ತಾನೆ. ಈ ವರ್ಷ ಕೊಯ್ಲಿನ ಮುಂಚೆ ಬೇಲಿ ಬುಡದ ಹುಲ್ಲು ಕೊಚ್ಚಲು ನಾನು ಒಂದು ವಾರ ರಜೆ ಹಾಕಿದ್ದೇನೆ.